ಲಿಫ್ಟಣ್ಣ ಬರೆದ ಮೊದಲ ಅರ್ಜಿ

ಆ ಹಳೇ ಆಫೀಸು ಕಟ್ಟಡದಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಅಂತಲೇ ಕರೆಯುತ್ತಿದ್ದರು, ಸಂಬಳ ಬಟವಾಡೆ ಮಾಡುವ ಗುಮಾಸ್ತರು ಕೂಡ. ಜಾಲರಿ ಬಾಗಿಲು ಎಳೆಯಬೇಕು, ಹಿತ್ತಾಳೆ ಹಿಡಿ ತಿರುಗಿಸಬೇಕು, ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಸರಿಸಮವಾಗಿ ಬಂದಾಗ ನಿಲ್ಲಿಸಬೇಕು. ಬೆರಳಷ್ಟು ಹೆಚ್ಚುಕಮ್ಮಿ ಆದರೂ ಯಾರೋ ಒಬ್ಬರು ಎಡವುವುದು ಗ್ಯಾರಂಟಿ! ಜೀವಮಾನವಿಡೀ ಮಾಡಿದ್ದು ಇದೊಂದೇ ಕೆಲಸ.

ಈಗ ಆ ಲಿಫ್ಟನ್ನೇ ಕಿತ್ತು ಗುಂಡಿ ಒತ್ತಿದರೆ ಓಡುವ ಹೊಸದನ್ನು ಹಾಕುತ್ತಿದ್ದರು. ತಿಂಗಳ ಕೊನೆಗೆ ಅವನಿಗೆ ರಜೆ, ಶಾಶ್ವತ ರಜೆ. ಊರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಸ್ಟ್ರೆಚರ್ ಒಯ್ಯುವ ಹಳೇ ಲಿಫ್ಟಿಗೆ ಒಬ್ಬರು ಬೇಕಾಗಿದ್ದರು. ಅದು ಸಿಕ್ಕರೆ ಮನೆಯೂ ನಡೆಯುತ್ತದೆ, ಮಗಳ ಕಾಲೇಜೂ ನಡೆಯುತ್ತದೆ. ಸಿಗದಿದ್ದರೆ, ನರೆತ ತಲೆಯ ಲಿಫ್ಟಿನವನನ್ನು ಇನ್ಯಾರು ಕೇಳುತ್ತಾರೆ? ಆದರೆ ಆಸ್ಪತ್ರೆಯವರು ಒಂದು ಪತ್ರ ಕೇಳಿದ್ದರು: ಈ ಕೆಲಸ ನಿಮಗೇ ಯಾಕೆ ಕೊಡಬೇಕು, ನಿಮ್ಮ ಮಾತಲ್ಲೇ ಬರೆಯಿರಿ.

ಲಿಫ್ಟಣ್ಣ ನಾಲಿಗೆ ಕಚ್ಚಿಕೊಂಡು, ಬೆವರೊರೆಸಿಕೊಂಡು ಬರೆದ. ಮಗಳು ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"'ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಇದೊಂದು ಸಲ ಮನ್ನಿಸಬೇಕಾಗಿ ಪ್ರಾರ್ಥನೆ.' ಅಪ್ಪಾ! ಇನ್ನೂ ಕೆಲಸಕ್ಕೇ ಸೇರಿಲ್ಲ, ಆಗ್ಲೇ ತಪ್ಪಾಯ್ತು ಅಂತೀಯಾ?"

"ಪತ್ರ ಅಂದ್ರೆ ಹಾಗೇ ಅಲ್ವೇನಮ್ಮಾ ಮುಗಿಸೋದು?"

ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ಅಲ್ಲಿಂದಲೇ, "ನನ್ ಹತ್ರ ಒಂದಿನಾನೂ ಹಂಗೆ ಕೇಳಿಲ್ಲ ಬಿಡು" ಅಂದಳು.

ಮಗಳ ನಗು ಮಾತ್ರ ನಿಂತುಹೋಗಿತ್ತು. ಅಪ್ಪ ಆಫೀಸಿನ ಕೆಲಸಕ್ಕೆ ಅರ್ಜಿ ಹಾಕಿ ಸೇರಿದವನಲ್ಲ, ಅವನ ಭಾವ ಕೈಹಿಡಿದು ಕರೆದುಕೊಂಡು ಹೋಗಿ ಲಿಫ್ಟಿನೊಳಗೆ ನಿಲ್ಲಿಸಿದ್ದ. ಆಮೇಲೆ ಅವನು ಕಾಗದದ ಮೇಲೆ ಬರೆದದ್ದೆಲ್ಲ ಮೆಮೋಗೆ ಉತ್ತರ. ತಡವಾದದ್ದಕ್ಕೆ, ಬಾಗಿಲು ಬೇಗ ತೆಗೆಯದಿದ್ದಕ್ಕೆ, ಯಾರದೋ ಸಿಟ್ಟಿಗೆ. ಪತ್ರ ಅಂದರೆ ಕ್ಷಮೆ ಕೇಳುವುದು ಅಂತಲೇ ಆ ಕೈ ಕಲಿತುಬಿಟ್ಟಿತ್ತು.

ಮಗಳು ಕಾಲೇಜಿನಲ್ಲಿ ಹೇಳಿಕೊಟ್ಟ ಹಾಗೆ ತಾನೇ ಒಂದು ಬರೆದಳು. ಪರಿಶ್ರಮಿ, ಉತ್ಸಾಹಿ, ಸವಾಲುಗಳನ್ನು ಸಂತೋಷದಿಂದ ಸ್ವೀಕರಿಸುವ ವ್ಯಕ್ತಿತ್ವ, ಅಬ್ಬಬ್ಬಾ! ಲಿಫ್ಟಣ್ಣ ಪೂರ್ತಿ ಕೇಳಿಸಿಕೊಂಡ.

"ಯಾರಮ್ಮಾ ಇವನು? ಇಷ್ಟು ಒಳ್ಳೆಯವನಿದ್ರೆ ಕೆಲಸ ಅವನಿಗೇ ಕೊಡ್ಲಿ. ಪಾಪ, ನಾನ್ಯಾಕೆ ಅಡ್ಡ ಬರ್ಲಿ?"

ಮಗಳು ಕಾಗದ ಪಕ್ಕಕ್ಕಿಟ್ಟಳು. "ಸರಿ, ಹೇಳು. ಯಾವ ಮೆಮೋಗೆ ಉತ್ತರ ಬರೀವಾಗ ನಿಂಗೆ ಹೊಟ್ಟೆ ಉರೀತು?"

ಲಿಫ್ಟಣ್ಣ ತಾನು ಬರೆದಿದ್ದ ಪತ್ರವನ್ನು ಮಡಚಿಟ್ಟ. ಆಮೇಲೆ ಹೇಳಿದ. ಒಂದು ಬೆಳಿಗ್ಗೆ ಮೇಲೆ ಹೋಗುವಾಗ ತಂತಿಹಗ್ಗದಲ್ಲಿ ಏನೋ ಬೇರೆ ಶಬ್ದ, ಒಣ ಗಂಟಲಲ್ಲಿ ಯಾರೋ ಕೆಮ್ಮಿದ ಹಾಗೆ. ಲಿಫ್ಟು ನಿಲ್ಲಿಸಿ ಎಲ್ಲರನ್ನೂ ಇಳಿಸಿದ. ದೊಡ್ಡ ಸಾಹೇಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಎಲ್ಲರ ಮುಂದೆ ಬಾಯಿಗೆ ಬಂದಂತೆ ಬೈದರು. ಮೆಕ್ಯಾನಿಕ್ ಬಂದು ನೋಡಿ, ಏನೂ ಆಗಿಲ್ಲ ಅಂದ. ಮೆಮೋ ಬಂತು. ಇವನು ತಪ್ಪಾಯ್ತು ಅಂತ ಬರೆದುಕೊಟ್ಟ.

"ಇದನ್ನೇ ಬರಿ" ಅಂದಳು ಮಗಳು.

"ಮೆಮೋ ತಿಂದ ಕಥೆ ಹೇಳಿ ಕೆಲಸ ಕೇಳೋದಾ?" ಹೆಂಡತಿ ಬೆಳ್ಳುಳ್ಳಿ ಬಿಟ್ಟು ಎದ್ದು ಬಂದಳು. "ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕ್ಕೊಳ್ಳೋದು ಅಂದ್ರೆ ಇದೇ! ಅದ್ರಲ್ಲೂ ಹಗ್ಗಕ್ಕೆ ಏನೂ ಆಗಿರ್ಲಿಲ್ವಂತೆ!"

ಅವಳು ಹೇಳಿದ್ದೂ ಸುಳ್ಳಲ್ಲ. ಇದ್ದದ್ದು ಒಂದೇ ಬಾಗಿಲು, ಅದನ್ನೂ ತಾನೇ ಮುಚ್ಚಿಕೊಂಡರೆ? ಆದರೂ ಲಿಫ್ಟಣ್ಣ ಪೆನ್ನು ತೆಗೆದುಕೊಂಡ. ನಡೆದದ್ದನ್ನೆಲ್ಲ ಬರೆದ, ಮೆಕ್ಯಾನಿಕ್ ಹೇಳಿದ್ದನ್ನೂ ಬಿಡಲಿಲ್ಲ. ಕೊನೆಗೆ ಕೈ ತಾನಾಗಿಯೇ ಹಳೇ ಸಾಲಿನ ಕಡೆ ಹೊರಟಿತು. ತಡೆದು ಹಿಡಿದು ಹೀಗೆ ಬರೆದ: "ಅವತ್ತು ತಪ್ಪಾಯ್ತು ಅಂತ ಸಹಿ ಹಾಕಿದೆ. ಆದರೆ ಆ ಶಬ್ದ ಮತ್ತೆ ಕೇಳಿದರೆ ಮತ್ತೆ ನಿಲ್ಲಿಸುತ್ತೇನೆ."

ಆಸ್ಪತ್ರೆಯಲ್ಲಿ ಕರೆದು ಮಾತಾಡಿಸಿದ್ದು ಹಿರಿಯ ನರ್ಸು. ಮೇಜಿನ ಮೇಲೆ ಅರ್ಜಿಗಳ ರಾಶಿ. ಅವನ ಪತ್ರವನ್ನು ಓದಿ, ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು ಮತ್ತೆ ಓದಿದರು.

"ಹಗ್ಗ ಸರಿಯಾಗೇ ಇತ್ತು ಅಂತ ನೀವೇ ಬರೆದಿದ್ದೀರಲ್ಲ. ಯಾಕೆ?"

"ಬಿಟ್ರೆ ಸುಳ್ಳು ಹೇಳ್ದಂಗೆ ಆಗುತ್ತಲ್ಲಮ್ಮಾ."

"ಇಲ್ಲಿ ಬರೋರು ಮಲಗಿರ್ತಾರೆ. ನಿಲ್ಲಿಸಿದ್ರೆ ಇಳಿದು ಮೆಟ್ಟಿಲು ಹತ್ತೋಕಾಗಲ್ಲ. ಸುಮ್ಸುಮ್ನೆ ನಿಲ್ಲಿಸಿದ್ರೆ ಜೀವ ಹೋಗಬಹುದು, ಗೊತ್ತಾ?"

ಈ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ. ಅವನ ಮುಖ ಇಳಿದುಹೋಯಿತು. ಕಿಟಕಿಯಾಚೆ ಯಾರೋ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಹೋದರು.

"ಹಾಗಾದ್ರೆ," ಅಂದ ಕೊನೆಗೆ, ನಿಧಾನವಾಗಿ, "ಅವರನ್ನ ಹತ್ತಿಸೋಕೆ ಮುಂಚೆನೇ ನಾನು ಕೇಳಿಸ್ಕೋಬೇಕು. ದಿನಾ ಬೆಳಿಗ್ಗೆ ಖಾಲಿ ಲಿಫ್ಟು ಮೇಲೆ ಕೆಳಗೆ ಓಡಿಸಿ ನೋಡ್ಬೇಕು."

ನರ್ಸಮ್ಮ ಪತ್ರ ಮಡಚಿ ರಾಶಿಯಿಂದ ಬೇರೆ ಇಟ್ಟರು. "ಸಂಬಳ ಅಲ್ಲಿಗಿಂತ ಕಮ್ಮಿ. ಸೋಮವಾರ ಬನ್ನಿ."

ಅವನು ಎದ್ದ, ಕೈಮುಗಿದ, ಹೊರಡಲಿಲ್ಲ. "ಒಂದ್ಸಲ ಲಿಫ್ಟು ನೋಡ್ಬಹುದೇನಮ್ಮಾ?"

ಲಿಫ್ಟು ಉದ್ದಕ್ಕಿತ್ತು, ಔಷಧಿ ವಾಸನೆ ಹೊಡೆಯುತ್ತಿತ್ತು. ಲಿಫ್ಟಣ್ಣ ಒಬ್ಬನೇ ಒಳಗೆ ಹೋಗಿ ಬಾಗಿಲೆಳೆದ. ಅದು ಮೇಲೇಳುವಾಗ ಗೋಡೆಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದ. ಕೆಳಗೆ ಒಬ್ಬ ಹೆಂಗಸು ಸ್ಟ್ರೆಚರಿನ ಅಂಚು ಹಿಡಿದು ಕಾಯುತ್ತಿದ್ದಳು. ಅದರ ಮೇಲೆ ಮಲಗಿದ್ದ ಮುದುಕ ಛಾವಣಿ ನೋಡುತ್ತಿದ್ದ.

"ಯಾಕೆ, ಕೆಟ್ಟೋಗಿದ್ಯಾ?" ಅಂತ, ತಮ್ಮನ್ನು ಬಿಟ್ಟು ಲಿಫ್ಟು ಮೇಲೆ ಹೋದದ್ದು ಕಂಡು ಅವಳು ಹೆದರಿ ಕೇಳಿದಳು.

"ಇಲ್ಲ, ಕೇಳಿಸ್ಕೊಳ್ತಿದ್ದಾರೆ" ಅಂದರು ನರ್ಸಮ್ಮ.