ರುದ್ರಕ್ಕ ಓದಿದ ಕಲ್ಯಾಣ

ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ಗಂಡಸರು ನಕ್ಕರೆ ಯಾರೂ ತಿರುಗಿ ನೋಡುವುದಿಲ್ಲ. ಅರವತ್ತರ ಹತ್ತಿರದ ವಿಧವೆ ಒಬ್ಬಳೇ ಕೂತು ಬಿದ್ದು ಬಿದ್ದು ನಕ್ಕರೆ ಮಾತ್ರ ಎಲ್ಲ ಕಿಟಕಿಗಳೂ ತೆರೆದುಕೊಳ್ಳುತ್ತವೆ. ಎದುರು ಮನೆ ನನ್ನದು. ನಾನು ಇಣುಕಿ ಸುಮ್ಮನಾಗುವವಳಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಅವರ ಪಡಸಾಲೆಗೇ ಹೋದೆ.

"ಏನ್ ರುದ್ರಕ್ಕ, ಈಪಾಟಿ ನಗು?"

"ದೇವುಡಾ! ಕೂತ್ಕ ಬಾರೆ, ಈ ಹುಡ್ಗಿ ಬಾಯಿ ಕೇಳು," ಎಂದು ಕೈಯಲ್ಲಿದ್ದ ಪುಸ್ತಕ ತೋರಿಸಿ ಕಣ್ಣೊರೆಸಿಕೊಂಡರು. ಮೊಳಕಾಲ್ಮೂರಿನ ಮಗಳು, ಖುಷಿ ಹೆಚ್ಚಾದರೆ ಬಾಯಲ್ಲಿ ತೆಲುಗು ಬರುತ್ತದೆ.

ರುದ್ರಕ್ಕ, ಅಂದರೆ ತಿಪ್ಪೇರುದ್ರಮ್ಮ, ಚಳ್ಳಕೆರೆಯ ಶೇಂಗಾ ಮಂಡಿಯವರ ಮನೆಗೆ ಹಿರಿಯ ಸೊಸೆಯಾಗಿ ಬಂದವರು. ಪ್ರತಿ ಶ್ರಾವಣದಲ್ಲಿ ಈ ಪಡಸಾಲೆಯಲ್ಲಿ ಮಧ್ಯಾಹ್ನ ಪುರಾಣ ನಡೆಯುತ್ತದೆ. ಓದುವವರು ರುದ್ರಕ್ಕ, ಕೂತು ಹೂಂಗುಟ್ಟುವವರು ಬೀದಿಯ ಹೆಂಗಸರು. ಆ ದನಿ ಕೇಳಿದರೆ ಅಳುವ ಕೂಸೂ ಸುಮ್ಮನಾಗುತ್ತದೆ. ಆದರೆ ಕಲ್ಯಾಣದ ಅಧ್ಯಾಯ ಬಂತೋ, ರುದ್ರಕ್ಕ ಪುಸ್ತಕ ಬಿಟ್ಟು ಏಳಬೇಕು. ಗಂಡ ತೀರಿಕೊಂಡ ವರ್ಷ ಮೈದುನ ಮುರುಗೇಂದ್ರಪ್ಪ, "ಅತ್ತಿಗೆ, ಇವತ್ತೊಂದಿನ ಮಂಜುಳ ಓದ್ಲಿ" ಎಂದಿದ್ದರು. ಆ ಒಂದು ದಿನ ಇವತ್ತಿಗೂ ಮುಗಿದಿಲ್ಲ. ದೇವರ ಮದುವೆಯ ದಿನ ಹೆಂಗಸರು ಅಕ್ಷತೆ, ಎಲೆ ಅಡಿಕೆ ಹಿಡಿದು ಬರುತ್ತಾರೆ. ಮುರುಗೇಂದ್ರಪ್ಪನವರ ಹೆಂಡತಿ ಮಂಜುಳಮ್ಮ ಮುತ್ತೈದೆ ಎಂಬ ಒಂದೇ ಅರ್ಹತೆಯ ಮೇಲೆ ಅಕ್ಷರ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ರುದ್ರಕ್ಕ ಒಳಗೆ ಪಾಯಸ ತಿರುವುತ್ತಿರುತ್ತಾರೆ. ಓದು ಮುಗಿದ ಮೇಲೆ, ಓದಿದವಳು ಪುಸ್ತಕಕ್ಕೆ ಅಕ್ಷತೆ ಹಾಕಿ ಕೂತವರ ತಲೆಗೂ ಹಾಕುವುದು ಪದ್ಧತಿ.

ಈಗ ಶ್ರಾವಣ ಮುಗಿದಿತ್ತು. ರುದ್ರಕ್ಕನ ಕೈಯಲ್ಲಿದ್ದದ್ದು ಪುರಾಣವಲ್ಲ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಾವೇ ಆರಿಸಿ ತಂದ ಕಾದಂಬರಿ. ಸುರಭಿ ಎಂಬ ಬ್ಯಾಂಕಿನ ಹುಡುಗಿ ಕಾರು ಕಲಿಯಲು ಹೋಗುತ್ತಾಳೆ. ಕಲಿಸುವವನು ನಿರಂಜನ. ಮೊದಲ ದಿನವೇ ಕಾರನ್ನು ಎಳನೀರಿನ ಗಾಡಿಗೆ ಗುದ್ದುತ್ತಾಳೆ.

"'ಬ್ರೇಕ್ ಎಲ್ಲಿದೆ ಅಂತ ಗೊತ್ತೇನ್ರಿ ನಿಮಗೆ?' 'ಕಾರಿನದು ಗೊತ್ತು. ನಿಮ್ಮ ಬಾಯಿಯದು ಎಲ್ಲಿದೆ ಅಂತ ಹುಡುಕ್ತಿದ್ದೆ, ಅಷ್ಟರಲ್ಲಿ ಹಿಂಗಾಯ್ತು.'"

ರುದ್ರಕ್ಕ ಇದನ್ನು ಓದಿದ್ದು ಪುರಾಣದ ರಾಗದಲ್ಲಿ. ಜೋರಾಗಿ ಓದುವುದಕ್ಕೆ ಅವರಿಗೆ ಗೊತ್ತಿರುವುದು ಅದೊಂದೇ ರಾಗ. ಕ್ಲಚ್ಚು, ಗೇರು, ಎಳನೀರು ಎಲ್ಲವನ್ನೂ ದೇವಲೋಕದ ಸುದ್ದಿಯ ಹಾಗೆ ಎಳೆದು ಎಳೆದು ಹೇಳಿದರೆ ಯಾರು ಎದ್ದು ಹೋಗುತ್ತಾರೆ? ಮರುದಿನ ಮಂಜುಳಮ್ಮ ಕೂತಳು, ಬೀದಿಯ ಹೆಂಗಸರು ಬಂದರು. ದೊಡ್ಡಉಳ್ಳಾರ್ತಿಯಿಂದ ತುಪ್ಪ ಮಾರಲು ಬರುವ ಬೋರಕ್ಕ ತುಪ್ಪದ ಡಬ್ಬಿ ಕೆಳಗಿಟ್ಟು ಬಾಗಿಲ ಪಕ್ಕ ಕೂತವಳು ಪ್ರತಿ ಸಾಲಿಗೂ ಹೂಂಗುಟ್ಟತೊಡಗಿದಳು. ಪುಸ್ತಕ ವ್ಯಾಸಪೀಠವನ್ನೂ ಏರಿತು. ಅಷ್ಟು ದಪ್ಪದ್ದನ್ನು ಕೈಯಲ್ಲಿ ಹಿಡಿದರೆ ರುದ್ರಕ್ಕನಿಗೆ ಮಣಿಕಟ್ಟು ನೋಯುತ್ತದೆ.

"ಆ ಹುಡ್ಗಿ ನಮ್ಮ ಹಟ್ಟಿಗೆ ಸೊಸೆ ಆಗ್ಬೇಕಿತ್ತು ಕಣವ್ವ," ಎಂದಳು ಬೋರಕ್ಕ. "ನಮ್ಮತ್ತೆ ಬಾಯಿ ಮುಚ್ಸೋಕೆ ಯಾರೂ ಹುಟ್ಲೇ ಇಲ್ಲ."

"ಹುಡುಗನದೂ ಏನ್ ಕಮ್ಮಿ ಇಲ್ಲ ಬಿಡು," ಎಂದಳು ಮಂಜುಳಮ್ಮ. ಗಂಡನ ಜೊತೆ ಮಾತಿಗೆ ಮಾತು ಕೊಟ್ಟು ಗೊತ್ತಿಲ್ಲದ ಹೆಂಗಸು, ನಿರಂಜನನ ಪಕ್ಷ ವಹಿಸಿ ನನ್ನ ಮೇಲೆ ಜಗಳಕ್ಕೇ ಬಂದಳು. ಸುರಭಿ, ನಿರಂಜನ ಒಬ್ಬರನ್ನೊಬ್ಬರು ಬಯ್ಯುತ್ತಾ ಬಯ್ಯುತ್ತಾ ಹತ್ತಿರ ಬರುತ್ತಿದ್ದರೆ ನಮಗೆಲ್ಲ ಮನೆಯ ಒಲೆ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಮುರುಗೇಂದ್ರಪ್ಪ ಮಂಡಿಯಿಂದ ಬೇಗ ಬಂದುಬಿಟ್ಟರು. ಬಾಗಿಲಲ್ಲಿ ನಿಂತು ಎರಡು ಸಾಲು ಕೇಳಿದರು. ಮುಖ ಕೆಂಪಗಾಯಿತು.

"ಅತ್ತಿಗೆ, ಪುರಾಣ ಇಡೋ ಪೀಠದ ಮ್ಯಾಲೆ ಇದೇನ್ರಿ ಇದು? ಈ ವಯಸ್ನಾಗೆ ಲವ್ ಸ್ಟೋರಿ! ಬೀದಿಯೋರು ಏನಂತಾರೆ?"

"ಬೀದಿಯೋರೆಲ್ಲ ಇಲ್ಲೇ ಕೂತವ್ರೆ. ಕೇಳಪ್ಪ."

ನಾವು ನಕ್ಕೆವು. ಅದು ಅವರಿಗೆ ಇನ್ನೂ ಚುಚ್ಚಿತು. "ನಗ್ರಿ, ನಗ್ರಿ. ಇದು ಹಿಂಗೇ ನಡೆದ್ರೆ ಮುಂದಿನ ಶ್ರಾವಣಕ್ಕೆ ಪುರಾಣ ಓದೋಕೆ ಬೇರೆಯವರನ್ನ ಕರೆಸ್ತೀನಿ. ಹೇಳಿದೀನಿ."

ರುದ್ರಕ್ಕನ ನಗು ನಿಂತಿತು. ವರ್ಷವಿಡೀ ಆ ಮನೆಯಲ್ಲಿ ಅವರದು ಅನ್ನುವಂಥದ್ದು ಇರುವುದು ಆ ಒಂದು ತಿಂಗಳು, ಪುರಾಣ ಓದುವ ಆ ಒಂದು ಮಣೆ. ಅದನ್ನೂ ಕಸಿದುಕೊಳ್ಳುತ್ತೇನೆ ಎನ್ನುತ್ತಾನಲ್ಲ ಈ ಮನುಷ್ಯ ಎಂದು ನನಗೆ ಮೈ ಉರಿಯಿತು. ರುದ್ರಕ್ಕ ಪುಟ ಮಡಿಸಿಟ್ಟು, "ನಾಳೆ ಇವರಿಬ್ಬರ ಮದುವೆ. ಎಲ್ಲಾರೂ ಬರ್ರಿ," ಎಂದರು.

ಮರುದಿನ ನಾವು ಮಾಡಿದ ಎಡವಟ್ಟು ಬೇರೆ ಊರಿನವರು ಮಾಡಲಾರರು. ಮದುವೆ ಎಂದರಲ್ಲ, ಒಬ್ಬಳು ಅಕ್ಷತೆ ಕಲಸಿ ತಂದಿದ್ದಳು, ಇನ್ನೊಬ್ಬಳು ಎಲೆ ಅಡಿಕೆ, ಬೋರಕ್ಕ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಂದಿದ್ದಳು. ಯಾರೂ ಮಾತಾಡಿಕೊಂಡದ್ದಲ್ಲ, ಪುರಾಣದ ಅಭ್ಯಾಸ. ಮಂಜುಳಮ್ಮ ರೇಷ್ಮೆ ಸೀರೆ ಉಟ್ಟು ಬಂದು ಪೀಠದ ಮುಂದೆ ನಿಂತಳು. ರುದ್ರಕ್ಕನೂ ಅದೇ ಅಭ್ಯಾಸದಲ್ಲಿ ಮಣೆ ಬಿಟ್ಟು ಎದ್ದು ಒಳಗೆ ನಡೆದುಬಿಟ್ಟರು! ನಾವೂ ಅಕ್ಷತೆ ಹಿಡಿದು ಕಾದು ಕೂತೆವು.

ಮಂಜುಳಮ್ಮ ಶುರು ಮಾಡಿದಳು. ಮದುವೆ ರಿಜಿಸ್ಟರ್ ಕಚೇರಿಯಲ್ಲಿ. ಒಪ್ಪಿಗೆ ಇದೆಯಾ ಎಂದು ಅಧಿಕಾರಿ ಸುರಭಿಯನ್ನು ಕೇಳುತ್ತಾನೆ.

"'ಮದುವೆಗೆ... ಇದೆ ಸಾರ್. ಇವರ... ಡ್ರೈ... ಡ್ರೈವಿಂಗಿಗೆ ಇಲ್ಲ.' 'ಲೈಸೆನ್ಸಿಗೆ ಮೂರು ಸಲ... ಫೇ... ಫೇಲಾದವರ ಮಾತು... ನಂಬಬೇಡಿ ಸಾರ್.' 'ಕ... ಕಲಿಸಿ...'"

ಸುರಭಿ ನಮ್ಮ ಕಣ್ಣೆದುರೇ ಸಾಯುತ್ತಿದ್ದಳು. ಬೋರಕ್ಕ ಹೂಂಗುಟ್ಟುವುದನ್ನೇ ನಿಲ್ಲಿಸಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ದನಿ ಬಂತು.

"'ಕಲಿಸಿದವರು ಯಾರು ಅಂತ ಕೇಳಿ ಸಾರ್!'"

ಪಡಸಾಲೆ ನಗುವಿನಿಂದ ತುಂಬಿಹೋಯಿತು. ಆ ನಗುವಿನ ನಡುವೆಯೇ ರುದ್ರಕ್ಕ ಬಂದು ಕೈ ಚಾಚಿದರು.

"ಕೊಡೆ ಇಲ್ಲಿ ಮಂಜುಳ. ನನ್ನ ಪುಸ್ತಕ, ನನ್ನ ಹುಡ್ಗಿ. ಮದುವೆ ನಾನೇ ಮಾಡ್ತೀನಿ."

"ತಗಳಕ್ಕ ಮಾರಾಯ್ತಿ. ಇವರ ಜಗಳ ನನ್ನ ಬಾಯಿಗೆ ಬರಲ್ಲ," ಎಂದು ಮಂಜುಳಮ್ಮ ನಿರಾಳವಾಗಿ ಕೆಳಗೆ ಕೂತಳು.

ಆಗ ನೋಡಿದೆವು, ಮುರುಗೇಂದ್ರಪ್ಪ ಊಟಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದರು. ಅಕ್ಷತೆಯ ತಟ್ಟೆ ನೋಡಿದರು, ಮಣೆಯ ಮೇಲೆ ಕೂತ ಅತ್ತಿಗೆಯನ್ನು ನೋಡಿದರು. "ಅತ್ತಿಗೆ, ಅಕ್ಷತೆ ಇಟ್ಟು ಓದೋದು... ನಿಮಗೆ ಗೊತ್ತಲ್ಲ, ಪದ್ಧತಿ..."

"ಗೊತ್ತು. ಇಷ್ಟು ವರ್ಷ ನಾನೇ ನಡೆಸಿಕೊಂಡು ಬಂದಿದೀನಿ. ಇನ್ನು ನಡೆಸಲ್ಲ."

"ಮಂಜುಳ, ಊಟಕ್ಕೆ ಬಡಿಸು," ಎಂದರು ಮುರುಗೇಂದ್ರಪ್ಪ.

"ಒಳಗೆ ಮುಚ್ಚಿಟ್ಟೀನಿ, ಬಡಿಸ್ಕಳ್ರಿ. ಮದುವೆ ಮುಗೀಲಿ," ಎಂದಳು ಮಂಜುಳಮ್ಮ. ಹೇಳಿದ ಮೇಲೆ ತಾನೇ ಬೆಚ್ಚಿ ನನ್ನ ಕೈ ಹಿಡಿದುಕೊಂಡಳು.

ರುದ್ರಕ್ಕ ಓದಿದರು. ಎಲ್ಲಿ ಸಹಿ ಹಾಕಬೇಕು ಎಂಬುದಕ್ಕೂ ಸುರಭಿ, ನಿರಂಜನ ಕಿತ್ತಾಡಿದರು. ಕೊನೆಗೆ ಅವನು, "ಇನ್ನು ಜೀವನಪೂರ್ತಿ ಹಿಂಗೇನಾ?" ಎಂದ. ಅವಳು, "ಇವತ್ತಿನ್ನೂ ಫಸ್ಟ್ ಗೇರಲ್ಲಿದೀನಿ" ಎಂದಳು. ನಾವು ಕಣ್ಣೀರು ಬರುವಷ್ಟು ನಕ್ಕು ಅಕ್ಷತೆ ಎರಚಿದೆವು. ರುದ್ರಕ್ಕ ಪುಸ್ತಕಕ್ಕೆ ಅಕ್ಷತೆ ಹಾಕಿದರು, ಮಂಜುಳಮ್ಮನ ತಲೆಗೆ, ನನ್ನ ತಲೆಗೆ, ಬೋರಕ್ಕನ ತಲೆಗೆ ಹಾಕಿದರು. ಆಮೇಲೆ ಉಳಿದದ್ದನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಕಡೆ ನಡೆದರು. ಹೋದ ವರ್ಷ ಈ ಮೈದುನನ ಮಗನ ಮದುವೆಯಲ್ಲಿ ರುದ್ರಕ್ಕನನ್ನು ಅಕ್ಷತೆಗೂ ಕರೆಯದೆ ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

"ಮುಂದಿನ ಶ್ರಾವಣದಾಗೂ ಕಲ್ಯಾಣ ನಾನೇ ಓದೋದು. ಬೇರೆಯವರನ್ನ ಕರೆಸೋದಿದ್ರೆ ಇವತ್ತೇ ಕರೆಸು. ಇವರೆಲ್ಲ ಯಾರ ಮುಂದೆ ಬಂದು ಕೂರ್ತಾರೆ, ಅದನ್ನೂ ನೋಡು. ಈಗ ತಲೆ ಬಗ್ಗಿಸು."

ಮುರುಗೇಂದ್ರಪ್ಪ ಬಗ್ಗಿಸಲಿಲ್ಲ. ಎತ್ತರದ ಆಳು, ನೆಟ್ಟಗೆ ನಿಂತೇ ಇದ್ದರು. ರುದ್ರಕ್ಕ ಹೊಸ್ತಿಲ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ಮುಷ್ಟಿಯಲ್ಲಿದ್ದ ಅಕ್ಷತೆಯನ್ನೆಲ್ಲ ಅವರ ತಲೆಯ ಮೇಲೆ ಸುರಿದರು.