ಮೂರು ಗೂಡಿನ ಎಳೆ

ಈಗಿನ ದೊಡ್ಡ ಪಾರ್ಕುಗಳಲ್ಲಿ ಸ್ಟೇಜ್ ಶೋ ಅಂತ ಒಂದಿರುತ್ತದೆ. ಮೊನ್ನೆ ಮೊಮ್ಮಗಳ ಜೊತೆ ಹೋಗಿ ನೋಡಿ ಬಂದೆ. ಕುಣಿಯುವವರು ಕುಣಿದರು, ಹೊಗೆ ಬಂತು, ಬಣ್ಣಬಣ್ಣದ ದೀಪ ಬಂತು, ಮಾತೆಲ್ಲ ಎಲ್ಲಿಂದಲೋ ಸ್ಪೀಕರಿನಲ್ಲಿ ಬಂತು. ಒಬ್ಬರೂ ಒಂದು ತಪ್ಪು ಮಾಡಲಿಲ್ಲ. ತಪ್ಪೇ ಆಗದ ಆಟವನ್ನು ಕೂತು ನೋಡುವುದರಲ್ಲಿ ಏನು ಸುಖವೋ ನನಗಂತೂ ತಿಳಿಯಲಿಲ್ಲ. "ಹೇಗಿತ್ತಜ್ಜಿ?" ಅಂದಳು ಮೊಮ್ಮಗಳು. ಚೆನ್ನಾಗಿತ್ತು ಅಂದೆ. ಮನಸ್ಸು ಮಾತ್ರ ಶಿಡ್ಲಘಟ್ಟದ ಮೈದಾನದಲ್ಲಿ, ತೇಪೆ ಹಾಕಿದ ಡೇರೆಯೊಳಗೆ, ಮೂರನೆಯ ಸಾಲಿನಲ್ಲಿ ನಮ್ಮ ದೊಡ್ಡಮ್ಮನ ಪಕ್ಕ ಹೋಗಿ ಕೂತಿತ್ತು.

ದೊಡ್ಡಮ್ಮನ ಹೆಸರು ಅಕ್ಕಯ್ಯಮ್ಮ. ನಮ್ಮ ತಾಯಿಯ ಅಕ್ಕ. ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯವಳು. ಗಂಡ ಹೋದ ಮೇಲೆ ಮೈದುನರ ಮನೆಯಲ್ಲಿ ಹೇಳಿಸಿಕೊಂಡು ಇರಲಾರೆನೆಂದು ಶಿಡ್ಲಘಟ್ಟಕ್ಕೆ ಬಂದು, ಸಾಹೇಬರೊಬ್ಬರ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಸೇರಿದವಳು. ನಾನು 1959ರಲ್ಲಿ ಅದೇ ಊರಿನ ಶಾಲೆಗೆ ಹೊಸ ಮೇಡಮ್ಮಾಗಿ ಬಂದಾಗ ಅವಳ ಮನೆಯಲ್ಲೇ ಉಳಿದೆ. ಆಗ ನನಗೆ ಇಪ್ಪತ್ತು. ಊರಿಗೆಲ್ಲ ಅಮ್ಮಾಜಮ್ಮ ಮೇಡಂ, ಅವಳಿಗೆ ಮಾತ್ರ ಅಮ್ಮಾಜಿ.

ಅವಳ ಕೆಲಸ ಹೇಗಿತ್ತು ಅನ್ನುವುದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕುದಿಯುವ ನೀರಿನ ಬಾಣಲೆಯಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿಯನ್ನು ಹಬೆಯೊಳಗೆ ಹುಡುಕಿ ಹಿಡಿದು, ಹತ್ತು ಹನ್ನೆರಡು ಎಳೆ ಕೂಡಿಸಿ ಒಂದು ನೂಲು ಮಾಡಬೇಕು. ಆಚೆ ಬದಿಯಲ್ಲಿ ಒಬ್ಬ ಚರಕ ತಿರುಗಿಸುತ್ತಿರುತ್ತಾನೆ. ನಡುವೆ ಒಂದು ಎಳೆ ತಪ್ಪಿದರೂ ನೂಲು ತೆಳ್ಳಗಾಗಿ ಕೆಡುತ್ತದೆ. ಅದಕ್ಕೇ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಯಾರ ಬಾಣಲೆಯದೇ ಆಗಲಿ, ಮೊದಲು ಕಂಡವರು "ಎಳೆ ಬಿಡ್ತು, ನಿಲ್ಸು" ಅಂತ ಕೂಗಬೇಕು. ಕೂಗು ಬಿದ್ದ ಕೂಡಲೇ ಚರಕ ನಿಲ್ಲಬೇಕು. ಕೂಗಿದವರ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ.

ದೊಡ್ಡಮ್ಮನ ಕಣ್ಣು ಆ ಶೆಡ್ಡಿನಲ್ಲೇ ಹೆಸರುವಾಸಿ. ನಾಲ್ಕು ಬಾಣಲೆ ಆಚೆಗೆ ಎಳೆ ತಪ್ಪಿದರೂ ಕೂಗುತ್ತಿದ್ದಳು. ತನ್ನದೇ ತಪ್ಪಿದರೆ ಇನ್ನೂ ಜೋರಾಗಿ ಕೂಗುತ್ತಿದ್ದಳು. ಬೇರೆ ವಿಷಯದಲ್ಲಿ ಅಷ್ಟೋ ಇಷ್ಟೋ ಸುಳ್ಳು ಹೇಳುತ್ತಿದ್ದಳು, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಉಪ್ಪಿನಕಾಯಿ ಇಟ್ಟುಕೊಂಡೇ ಪಕ್ಕದ ಮನೆಯವರಿಗೆ ಇಲ್ಲ ಅಂದಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಎಳೆಯ ವಿಷಯದಲ್ಲಿ ಅವಳ ಬಾಯಿಂದ ಒಂದು ಸುಳ್ಳು ಬಂದದ್ದಿಲ್ಲ. ಸಾಹೇಬರೇ ನೂಲು ಕೈಯಲ್ಲಿ ಹಿಡಿದು "ಅಕ್ಕಯ್ಯಮ್ಮ, ಕ್ಯಾ ಬೋಲ್ತಿ?" ಅಂತ ಅವಳನ್ನು ಕೇಳುತ್ತಿದ್ದರು.

ವರ್ಷಕ್ಕೊಮ್ಮೆ, ರಾಗಿ ಒಕ್ಕಣೆ ಮುಗಿದ ಮೇಲೆ, ಊರ ಮೈದಾನಕ್ಕೆ ಒಂದು ಕಾರ್ನಿವಲ್ ಬರುತ್ತಿತ್ತು. ಚಿಂತಾಮಣಿಯಲ್ಲಿ ಹದಿನೈದು ದಿನ ಮುಗಿಸಿ ನಮ್ಮಲ್ಲಿ ಹದಿನೈದು ದಿನ, ಆಮೇಲೆ ಚಿಕ್ಕಬಳ್ಳಾಪುರ. ಕೈಯಲ್ಲಿ ತಳ್ಳಿ ತಿರುಗಿಸುವ ತೊಟ್ಟಿಲು, ಮೋಟರ್ ಸೈಕಲ್ ಓಡಿಸುವ ಮರದ ಬಾವಿ, ರಿಂಗ್ ಎಸೆಯುವ ಅಂಗಡಿ, ಎಲ್ಲಕ್ಕಿಂತ ಹಿಂದೆ ಸ್ಟೇಜಿನ ಡೇರೆ. ಸ್ಟೇಜಿನ ಮೇಲೆ ಹಾಡು, ಕುಣಿತ, ನಗೆನಾಟಕ, ಕೊನೆಯಲ್ಲಿ ಮ್ಯಾಜಿಕ್. ಶೆಡ್ಡುಗಳಿಗೆಲ್ಲ ಶುಕ್ರವಾರ ರಜೆ. ಹಾಗಾಗಿ ಶುಕ್ರವಾರದ ಮೂರು ಗಂಟೆಯ ಆಟ ನೂಲು ಬಿಚ್ಚುವವರದೇ ಆಟ. ಡೇರೆಯೊಳಗೆ ಬೇಯಿಸಿದ ಗೂಡಿನ ವಾಸನೆ ತುಂಬಿಕೊಳ್ಳುತ್ತಿತ್ತು. ದೊಡ್ಡಮ್ಮ ಆ ದಿನ ಬೆಳಗ್ಗೆಯೇ ತಲೆ ಸ್ನಾನ ಮಾಡಿ, ಹೂವು ಮುಡಿಯದಿದ್ದರೂ ಒಳ್ಳೆಯ ಸೀರೆ ಉಟ್ಟು, ಎರಡು ಗಂಟೆಗೇ ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳು.

ನಾನು ಊರಿಗೆ ಬಂದ ಆ ವರ್ಷ ಹೊಸ ಮ್ಯಾಜಿಕ್ಕಿನವನು ಬಂದಿದ್ದ. ಬೋರ್ಡಿನ ಮೇಲೆ ಪ್ರೊಫೆಸರ್ ಕೇಶವ್ ಅಂತ ಇತ್ತು. ಮನೆಯ ಹೆಸರು ಚನ್ನಕೇಶವ, ಗೌರಿಬಿದನೂರಿನ ಕಡೆಯವನು ಅಂತ ಆಮೇಲೆ ತಿಳಿಯಿತು. ಕಪ್ಪು ಕೋಟು, ಎತ್ತರದ ಟೋಪಿ, ಮಾತು ಮಾತ್ರ ಅಪ್ಪಟ ನಮ್ಮ ಕಡೆಯದು. ಅವನ ದೊಡ್ಡ ಆಟ ಹಾರುವ ಬೆಳ್ಳಿ ಚೆಂಡು. ಬೆಂಡಿನ ಚೆಂಡಿಗೆ ಬೆಳ್ಳಿ ಕಾಗದ ಸುತ್ತಿದ್ದು. ಅವನು ಕೈ ಆಡಿಸಿದಂತೆ ಅದು ಲೋಟದಿಂದ ಎದ್ದು, ಗಾಳಿಯಲ್ಲಿ ತೇಲಿ, ಮತ್ತೆ ಲೋಟಕ್ಕೆ ಬಂದು ಕೂರಬೇಕು.

ಚೆಂಡು ಎದ್ದಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಡೇರೆಯ ಹರಕಿನಿಂದ ಬಿಸಿಲಿನ ಕೋಲೊಂದು ಸ್ಟೇಜಿನ ಮೇಲೆ ಬಿದ್ದಿತ್ತು. ಇದ್ದಕ್ಕಿದ್ದಂತೆ ನನ್ನ ಪಕ್ಕದಿಂದ ಇಪ್ಪತ್ತು ವರ್ಷದ ಅಭ್ಯಾಸ ಗಂಟಲು ಹರಿದುಕೊಂಡು ಬಂತು.

"ಎಳೆ ಬಿಡ್ತು, ನಿಲ್ಸು."

ಪರದೆಯ ಹಿಂದೆ ದಾರ ಎಳೆಯುತ್ತಿದ್ದವರು ಯಾರೋ ಪಾಪ, ನಿಲ್ಲಿಸಿಯೇ ಬಿಟ್ಟರು. ಚೆಂಡು ಗಾಳಿಯಲ್ಲಿ ನಿಂತಿತು. ಪ್ರೊಫೆಸರ್ ಕೇಶವನ ಕೈ ಮಾತ್ರ ಆಡುತ್ತಲೇ ಇತ್ತು. ಮೇಲೆ ದಾರ ಹಾಯಿಸಲು ಕಟ್ಟಿದ್ದ ಬಳೆಗೆ ಉಜ್ಜಿ ಉಜ್ಜಿ ದಾರದ ಒಂದು ಪುರಿ ಬಿಟ್ಟುಕೊಂಡು ಬಿಸಿಲಲ್ಲಿ ಸುರುಳಿಯಾಗಿ ನೇತಾಡುತ್ತಿತ್ತು. ಒಮ್ಮೆ ಹೇಳಿದ ಮೇಲೆ ಕೇಳಬೇಕೆ, ಡೇರೆಯಲ್ಲಿದ್ದವರೆಲ್ಲ ಎಳೆ ನೋಡಿಯೇ ಹೊಟ್ಟೆ ಹೊರೆಯುವ ಜನ. ಹಿಂದಿನಿಂದ ಯಾರೋ ತೆಲುಗಿನಲ್ಲಿ "ದಾರಂ, ದಾರಂ" ಅಂದರು. ನಗು ಎದ್ದಿದ್ದು ನಿಲ್ಲಲೇ ಇಲ್ಲ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ದೊಡ್ಡಮ್ಮ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದ್ದಳು. "ಬೇಕೂಂತ ಕೂಗ್ಲಿಲ್ಲ ಕಣೇ ಅಮ್ಮಾಜಿ, ಬಾಯಿಗೆ ಬಂದ್ಬಿಡ್ತು," ಅಂತ ಮನೆ ಮುಟ್ಟುವವರೆಗೂ ಹೇಳುತ್ತಿದ್ದಳು.

ಊರಿಗೆ ಅದೊಂದು ಹೊಸ ಆಟವಾಯಿತು. ಶನಿವಾರ ಅವನು ಇಸ್ಪೀಟು ಎಲೆ ತೋರಿಸಿದರೂ "ಎಳೆ ಬಿಡ್ತು", ಟೋಪಿಯಿಂದ ಪಾರಿವಾಳ ತೆಗೆದರೂ "ಎಳೆ ಬಿಡ್ತು". ಮೋಟರ್ ಸೈಕಲ್ಲಿನ ಬಾವಿಯಲ್ಲೂ ಕೂಗಿದರಂತೆ. ದೊಡ್ಡಮ್ಮನ ಚರಕ ತಿರುಗಿಸುತ್ತಿದ್ದ ಬಯ್ಯಪ್ಪನೇ ಈ ಕೂಗುವವರ ಮುಂದಾಳು. ಅವನ ಗಂಟಲು ಅಷ್ಟು ದೊಡ್ಡದು, ಬುದ್ಧಿ ಅಷ್ಟು ದೊಡ್ಡದಲ್ಲ.

ಸೋಮವಾರ ಶೆಡ್ಡಿನ ಹಿಂದಿನ ಬಾವಿಗೆ ಕಾರ್ನಿವಲ್ಲಿನ ಹೆಂಗಸೊಬ್ಬಳು ನೀರಿಗೆ ಬಂದಳು. ದೊಡ್ಡಮ್ಮ ಕೈ ತೊಳೆಯಲು ಹೋಗಿದ್ದವಳು ಮಾತಿಗೆ ನಿಂತಳು. ನೀರಿಗೆ ಬಂದವಳು ಓಬಳಮ್ಮ, ಚನ್ನಕೇಶವನ ಹೆಂಡತಿ. ಪರದೆಯ ಹಿಂದೆ ದಾರ ಎಳೆಯುತ್ತಿದ್ದವಳೂ ಅವಳೇ.

"ಮೂರ್ ದಿನದಿಂದ ಸರ್ಯಾಗಿ ಉಂಡಿಲ್ಲ ಕಣಕ್ಕ ನಮ್ಮನೆಯವ್ರು," ಅಂದಳಂತೆ. "ಬರೋ ಶುಕ್ರವಾರದ ಆಟದಲ್ಲೂ ಹಿಂಗೇ ನಕ್ರೆ ಸ್ಟೇಜಿಂದ ಇಳಿಸಿ ರಿಂಗ್ ಅಂಗ್ಡೀಲಿ ನಿಲ್ಲಿಸ್ತೀನಿ ಅಂದವ್ರೆ ಮ್ಯಾನೇಜರ್ ಚೆನ್ನರಾಯಪ್ಪೋರು. ಹದಿನೈದ್ ವರ್ಷದಿಂದ ಕೋಟ್ ಹಾಕ್ಕೊಂಡು ನಿಂತೋರು, ರಿಂಗ್ ಆರಿಸ್ಕೊಂಡು ಬದುಕ್ತಾರಾ?"

ದೊಡ್ಡಮ್ಮ ಸಂಜೆ ಮನೆಗೆ ಬಂದವಳು ಊಟಕ್ಕೆ ಕೂರಲಿಲ್ಲ. "ನನ್ನ ಬಾಯಿಂದ ಒಬ್ಬನ ಅನ್ನ ಹೋಗ್ತೈತಲ್ಲೇ," ಅಂದಳು. ಹೋಗಿ ತಪ್ಪಾಯಿತು ಅಂದರಾಯಿತು ಅಂದೆ. "ತಪ್ಪಾಯ್ತು ಅಂದ್ರೆ ಚೆಂಡು ಹಾರ್ತದಾ?" ಅಂದಳು.

ಮಾರನೆಯ ದಿನ ಸಾಹೇಬರನ್ನು ಕೇಳಿ ಒಂದು ಹಿಡಿ ಗೂಡು ತಂದಳು. ನಮ್ಮ ಅಡುಗೆಮನೆಯ ಒಲೆಯ ಮೇಲೆ, ನಾನು ಸಾರು ಮಾಡುವ ಪಾತ್ರೆಯಲ್ಲಿಯೇ ಬೇಯಿಸಿದಳು. ಆ ಪಾತ್ರೆಯ ಸಾರನ್ನು ನಾನು ಮತ್ತೆ ಉಣ್ಣಲಿಲ್ಲ, ಆ ಸಿಟ್ಟು ಇನ್ನೂ ಇದೆ. ಹನ್ನೆರಡು ಎಳೆ ಕೂಡಿಸುವ ಕಡೆ ಮೂರೇ ಮೂರು ಗೂಡಿನ ಎಳೆ ಹಿಡಿದು, ಚರಕವಿಲ್ಲದೆ ಬರಿಗೈಯಲ್ಲಿ ಕೊಳವೆಗೆ ಸುತ್ತಿದಳು. ಎರಡು ಸಲ ಹರಿಯಿತು. ಮೂರನೆಯ ಸಲ ಬಂತು. ನಮ್ಮ ಕಡೆಯ ಗೂಡು ಹಳದಿ ಬಣ್ಣದ್ದು, ಬೆಳಕಿಗೆ ಮಿಂಚುತ್ತದೆ. ಅದು ಮಿಂಚದಿರಲೆಂದು ಹರಳೆಣ್ಣೆ ದೀಪದ ಕಾಡಿಗೆಯನ್ನು ಬೆರಳಿಗೆ ಹಚ್ಚಿಕೊಂಡು, ಎಳೆಯನ್ನು ಮೊಳ ಮೊಳವಾಗಿ ಬೆರಳ ನಡುವೆ ಹಾಯಿಸಿದಳು.

ಬುಧವಾರ ಸಂಜೆ ಇಬ್ಬರೂ ಡೇರೆಗೆ ಹೋದೆವು. ಚನ್ನಕೇಶವ ಕೋಟಿಗೆ ಗುಂಡಿ ಹೊಲಿಯುತ್ತಾ ಕೂತಿದ್ದ. ಟೋಪಿ ಇಲ್ಲದೆ ಅವನು ನಮ್ಮ ಶಾಲೆಯ ಹೆಡ್ ಮಾಸ್ಟರಿಗಿಂತ ಸಾಧುವಾಗಿ ಕಂಡ.

"ಯಾರಮ್ಮ?" ಅಂದ.

"ಎಳೆ ಬಿಡ್ತು ಅಂತ ಕೂಗಿದವಳು," ಅಂದಳು ದೊಡ್ಡಮ್ಮ. "ಬೈಯೋದಿದ್ರೆ ಬೈದ್ಬಿಡಪ್ಪ. ಆಮೇಲೆ ಕೆಲಸ ನೋಡಣ."

ಅವನು ಸೂಜಿ ಕೆಳಗಿಟ್ಟ. ಬೈಯಲಿಲ್ಲ. ಓಬಳಮ್ಮ ದೊಡ್ಡಮ್ಮನ ಮುಖವನ್ನೇ ನೋಡುತ್ತಾ ನಿಂತಳು, ಬಾವಿಯ ಹತ್ತಿರ ಮಾತಾಡಿದ್ದು ಯಾರ ಮುಂದೆ ಅಂತ ಈಗ ತಿಳಿದಿತ್ತು. ದೊಡ್ಡಮ್ಮ ಕೊಳವೆ ಹೊರತೆಗೆದಳು.

"ಶಿಡ್ಲಘಟ್ಟಕ್ಕೆ ಹತ್ತಿ ದಾರ ಹಿಡ್ಕೊಂಡು ಬಂದಿದ್ಯಲ್ಲಪ್ಪ," ಅಂದಳು. "ಬರೋಕ್ ಮುಂಚೆ ಒಬ್ರನ್ನಾದ್ರೂ ಕೇಳ್ಬಾರ್ದಾಗಿತ್ತಾ?"

ಅವನು ಎಳೆಯ ತುದಿಯನ್ನು ಹಿಡಿದುಕೊಳ್ಳಲು ಹೋಗಿ ಗಾಳಿಯನ್ನು ಹಿಡಿದ. ಎರಡನೆಯ ಸಲವೂ ಗಾಳಿಯೇ. ಆಗ ಅವನ ಮುಖದ ಮೇಲೆ ಮೊದಲ ಸಲ ನಗು ಬಂತು. ಗುರುವಾರವೂ ಹೋಗಿ ಓಬಳಮ್ಮನಿಗೆ ದೊಡ್ಡಮ್ಮ ಪಾಠ ಹೇಳಿದಳು. "ಜಗ್ಬೇಡ ಕಣಮ್ಮ. ಉಸಿರಾಡ್ದಂಗೆ ಎಳಿ. ಬೆರಳು ಒದ್ದೆ ಮಾಡ್ಕೊ. ಯಾರು ಕೂಗಿದ್ರೂ ನಿಲ್ಲಿಸ್ಬೇಡ, ನಾನೇ ಕೂಗಿದ್ರೂ."

ಶುಕ್ರವಾರ ಮೂರು ಗಂಟೆಗೆ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮ್ಯಾಜಿಕ್ ನೋಡಲು ಬಂದವರು ಯಾರೂ ಇರಲಿಲ್ಲ, ಎಲ್ಲರೂ ಎಳೆ ನೋಡಲು ಬಂದವರೇ. ಚೆನ್ನರಾಯಪ್ಪ ಸ್ಟೇಜಿನ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಬಯ್ಯಪ್ಪ ನಮ್ಮ ಹಿಂದಿನ ಸಾಲಿನಲ್ಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಚೆಂಡು ಎದ್ದಿತು. ಅವನ ಕೈ ಹೋದಲ್ಲಿ ಹೋಯಿತು, ನಿಂತಲ್ಲಿ ನಿಂತಿತು, ಆ ಹರಕಿನ ಬಿಸಿಲಿನೊಳಗೂ ಹಾಯ್ದು ಬಂತು. ಜನ ಕುರ್ಚಿಯ ತುದಿಗೆ ಬಂದು ಕಣ್ಣು ಕಿರಿದು ಮಾಡಿ ಹುಡುಕಿದರು. ಯಾರಿಗೂ ಏನೂ ಸಿಗಲಿಲ್ಲ. ಹುಡುಕಿ ಸೋತ ಬಯ್ಯಪ್ಪ ಎದ್ದು ನಿಂತ.

"ಅಕ್ಕಯ್ಯಮ್ಮ, ನೀನು ಹೇಳು. ನಿನ್ ಕಣ್ಗೆ ಎಳೆ ಕಾಣ್ತೈತಾ?"

ಡೇರೆಗೆ ಡೇರೆಯೇ ನಮ್ಮ ಕಡೆ ತಿರುಗಿತು. ಚನ್ನಕೇಶವನ ಕೈ ಮೇಲೆತ್ತಿದ್ದು ಮೇಲೆಯೇ ನಿಂತಿತು. ದೊಡ್ಡಮ್ಮ ಎಳೆಯ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ, ಇದು ನನಗೆ ಗೊತ್ತು, ಊರಿಗೆ ಗೊತ್ತು. ಈಗ ಒಂದು ಮಾತಿಗೆ ಆ ಮನುಷ್ಯ ಸ್ಟೇಜಿನ ಮೇಲೆ ಉಳಿಯಬೇಕು, ಇಲ್ಲವೇ ಇಳಿಯಬೇಕು. ಅವಳು ಕಣ್ಣು ಮಿಟುಕಿಸದೆ ಚೆಂಡಿನ ಮೇಲೆ, ಕೆಳಗೆ, ಪಕ್ಕದಲ್ಲಿ ನೋಡಿದಳು. ಶೆಡ್ಡಿನಲ್ಲಿ ನೂಲು ನೋಡುವಾಗಲೂ ಅಷ್ಟು ಹೊತ್ತು ನೋಡುತ್ತಿರಲಿಲ್ಲ.

"ಇಲ್ಲ ಕಣಯ್ಯ," ಅಂದಳು. "ನನಗೇನೂ ಕಾಣ್ತಿಲ್ಲ. ಕೂತ್ಕೊ."

ಚಪ್ಪಾಳೆ ಬಿದ್ದಿತು ನೋಡಿ, ಹೊರಗೆ ಕಟ್ಟಿದ್ದ ಎತ್ತುಗಳು ಬೆದರಿದವು. ಚೆಂಡು ಲೋಟಕ್ಕೆ ಬಂದು ಕೂತಿತು. ಚನ್ನಕೇಶವ ಟೋಪಿ ತೆಗೆದು ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ನನಗೆ ಕಣ್ಣು ತುಂಬಿ ಬಂತು. ನನ್ನ ದೊಡ್ಡಮ್ಮ ಒಬ್ಬನ ಅನ್ನಕ್ಕಾಗಿ ಜೀವನದಲ್ಲಿ ಒಂದೇ ಒಂದು ಸಲ ಎಳೆಯ ವಿಷಯದಲ್ಲಿ ಸುಳ್ಳು ಹೇಳಿದಳು ಅಂತ ಹೆಮ್ಮೆಪಟ್ಟೆ. ದಾರಿಯಲ್ಲಿ ಆ ಮಾತೆತ್ತಲು ಹೋದರೆ, "ನಡಿಯೇ, ಅನ್ನಕ್ಕಿಡ್ಬೇಕು," ಅಂದುಬಿಟ್ಟಳು.

ಕಾರ್ನಿವಲ್ ಆಮೇಲೂ ಆರು ವರ್ಷ ಬಂತು. ಡೇರೆ ಕಟ್ಟಿದ ಮೊದಲ ದಿನವೇ ಓಬಳಮ್ಮ ನಮ್ಮ ಮನೆಗೆ ಬಂದು ಹೊಸ ಎಳೆ ತೆಗೆದುಕೊಂಡು ಹೋಗುವಳು. ಮೂರನೆಯ ಸಾಲಿನ ಎರಡು ಕುರ್ಚಿಯ ಮೇಲೆ ಟವೆಲ್ ಹಾಕಿ ಚನ್ನಕೇಶವ ನಮಗೆ ಜಾಗ ಹಿಡಿದಿರುತ್ತಿದ್ದ. ಆಮೇಲೆ ಒಂದು ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಮೈದಾನದಲ್ಲಿ ಆಮೇಲೆ ಏನೇನೋ ಬಂದವು.

1968ರಲ್ಲಿ ದೊಡ್ಡಮ್ಮನ ಕಣ್ಣಿಗೆ ಪೊರೆ ಬಂತು. ಹಬೆಯ ಮುಂದೆ ಅಷ್ಟು ವರ್ಷ ಕೂತವಳು. ಆಪರೇಷನ್ ಮಾಡಿಸಲು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಸುಮ್ಮನೆ ಮಲಗುವುದು ಅವಳಿಗೆ ಆಗದ ಕೆಲಸ. ಬೇಜಾರು ಕಳೆಯಲು ಹಳೆಯದನ್ನೆಲ್ಲ ತೆಗೆದು ಮಾತಾಡಿಸುತ್ತಿದ್ದೆ.

"ದೊಡ್ಡಮ್ಮ, ಆವತ್ತು ಡೇರೇಲಿ ಸುಳ್ಳು ಹೇಳಿದ್ಯಲ್ಲ, ಚೆನ್ನಾಗಿ ಹೇಳ್ದೆ ಬಿಡು," ಅಂದೆ.

"ಯಾವ ಸುಳ್ಳು?"

"ಎಳೆ ಕಾಣ್ತಿಲ್ಲ ಅಂದ್ಯಲ್ಲ."

ಅವಳಿಗೆ ಸಿಟ್ಟು ಬಂತು. ಪಟ್ಟಿಯ ಕೆಳಗೆ ಮೂಗು ಕೆಂಪಾಯಿತು. "ನಾನ್ಯಾಕೆ ಸುಳ್ಳು ಹೇಳ್ಲಿ? ನಿಜವಾಗ್ಲೂ ಕಾಣ್ಲಿಲ್ಲ."

ಆಗಲೇ ಕಣ್ಣು ಮಂಜಾಗಿತ್ತೇ ಅಂದೆ.

"ಮಂಜೂ ಇಲ್ಲ ಗಿಂಜೂ ಇಲ್ಲ. ಮಾರನೇ ದಿನ ಬಾಣಲೆ ಮುಂದೆ ಕೂತ್ಕೊಂಡಾಗ ಹನ್ನೆರಡಕ್ಕೆ ಹನ್ನೆರಡೂ ಕಂಡ್ವು. ಕಣ್ಣು ಸರ್ಯಾಗಿತ್ತು ಕಣೇ. ಎಳೆ ಹಂಗೆ ಬಂದಿತ್ತು."

ಒಂಬತ್ತು ವರ್ಷ ನಾನು ಅವಳ ದೊಡ್ಡ ಮನಸ್ಸನ್ನು ಹೊಗಳಿಕೊಂಡು ಬಂದಿದ್ದೆ. ಹೊಗಳಬೇಕಾಗಿದ್ದ ಕೈಯನ್ನು ಮರೆತೇ ಬಿಟ್ಟಿದ್ದೆ. ನಾಚಿಕೆಯಾಯಿತು. ಆ ಕೈಯನ್ನು ಹಿಡಿದುಕೊಂಡೆ. ಬಿಸಿನೀರಿಗೆ ಬೆಂದು ಬೆಂದು ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು.

ಅವಳೇ ಮಾತು ಮುಂದುವರಿಸಿದಳು. "ಮೂವತ್ತು ವರ್ಷ ಬಿಚ್ಚಿದೆ ಕಣೇ ಅಮ್ಮಾಜಿ. ಆ ನೂಲೆಲ್ಲ ಎಲ್ಲಿಗೆ ಹೋಯ್ತೋ, ಯಾರ್ಯಾರು ಉಟ್ಕೊಂಡ್ರೋ, ನಾನೊಂದೂ ನೋಡ್ಲಿಲ್ಲ. ನನ್ ಕಣ್ಣೆದುರಿಗೆ ಕೆಲ್ಸ ಮಾಡಿದ್ದು ಅದೊಂದೇ ಎಳೆ. ಅದೂ ನನಗೆ ಕಾಣ್ಲಿಲ್ಲ."

ಹಾಗಂದು ನಕ್ಕಳು. ಕಣ್ಣಿಗೆ ಪಟ್ಟಿ ಇದೆ, ನಗಬೇಡಿ ಅಂತ ನರ್ಸು ಬಂದು ಹೇಳಿದರೂ ಕೇಳದೆ, ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಇದ್ದಳು.