ಸೋಮಾರಿ ಸೆನ್ಸರಿನ ಬೆನ್ನು ಹತ್ತಿದ ಸಿರ್ಕಾ

ಬೆಳಗಿನ ಆರೂವರೆ. ಹೊರಗೆ ಮೈನಸ್ ಹದಿನೆಂಟು ಡಿಗ್ರಿ ಚಳಿ. ಸೊತ್ಕಾಮೊ ರಸ್ತೆಯ ಗ್ಯಾರೇಜಿನಲ್ಲಿ ಅರವತ್ತೊಂದರ ಮೆಕ್ಯಾನಿಕ್ ಸಿರ್ಕಾ ಹಲೋನೆನ್ ಎಂಬಾಕೆ ಕಾರೊಂದರ ಬಾನೆಟ್ ಎತ್ತಿ, ಲ್ಯಾಪ್‌ಟಾಪ್ ಪರದೆಯನ್ನೇ ದಿಟ್ಟಿಸುತ್ತಿದ್ದಾರೆ. ಎಂಜಿನ್ ಓಡುತ್ತಿದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆಯುವ ಸೆನ್ಸರಿನ ಗೆರೆ ಪರದೆಯ ಮೇಲೆ ಸರಸರನೆ ಏರಿಳಿಯಬೇಕು. ಇದು ಮಂಡಿನೋವಿನವರು ಮೆಟ್ಟಿಲು ಹತ್ತಿದ ಹಾಗೆ ಏರುತ್ತಿದೆ.

"ನಂಗೆ ಅರ್ಥ ಆಗ್ತಿಲ್ಲ," ಎನ್ನುತ್ತಾರೆ ಸಿರ್ಕಾ. "ಸೆನ್ಸರ್ ಹೊಸಾದು, ಹಾಕಿ ಮೂರು ವಾರ ಆಗಿಲ್ಲ. ಅದರ ಹಿಂದಿನದೂ ಹೊಸಾದೇ."

ಕಾರು ಮೈಯಾ ಎಂಬವಳದು. ಆಕೆ ಮನೆಮನೆಗೆ ಹೋಗುವ ನರ್ಸ್. ದಿನಕ್ಕೆ ಹದಿನಾಲ್ಕು ಮನೆ, ನೂರಿಪ್ಪತ್ತು ಕಿಲೋಮೀಟರ್ ಕಾಡುದಾರಿ. ಅವಳು ಬಂದ ಮೇಲೆಯೇ ಇನ್ಸುಲಿನ್ ಕಾಣುವ ವೃದ್ಧರಿದ್ದಾರೆ. ಎಚ್ಚರಿಕೆ ದೀಪ ಉರಿಯುತ್ತಿದೆಯೆಂದು ಕಾರು ಒಮ್ಮೆ ವಾಹನ ತಪಾಸಣೆಯಲ್ಲಿ ನಪಾಸಾಗಿದೆ. ಸರಿಪಡಿಸಲು ಕೊಟ್ಟ ಗಡುವು ಈ ಶುಕ್ರವಾರಕ್ಕೆ ಮುಗಿಯುತ್ತದೆ. ಇಂದು ಬುಧವಾರ.

ಸಿರ್ಕಾ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದವರು. ಬಕೆಟ್ ಬಿಟ್ಟು ಸ್ಪ್ಯಾನರ್ ಹಿಡಿದಾಗ ಗಂಡಸರು ನಕ್ಕಿದ್ದರಂತೆ. ಅದಾಗಿ ಮೂವತ್ತೊಂದು ವರ್ಷ. ದಿನಕ್ಕೆ ನಾಲ್ಕೈದು ಕಾರು ನೋಡುವ ಕೈ ಎರಡು ದಿನದಿಂದ ಇದೊಂದರಲ್ಲೇ ಸಿಕ್ಕಿಕೊಂಡಿದೆ. ಹೊಗೆ ಕೊಳವೆ ಎಲ್ಲೂ ಸೋರುತ್ತಿಲ್ಲ. ತಂತಿಗಳು ಸರಿಯಿವೆ. ಗಾಳಿ ಎಳೆಯುವ ಬಾಯಿಗೆ ಒಂದಿಷ್ಟು ಗ್ಯಾಸ್ ಬಿಟ್ಟರೆ ಗೆರೆ ಥಟ್ಟನೆ ನೆಗೆಯಬೇಕು. ಅದು ಯೋಚಿಸಿ ಏಳುತ್ತದೆ. ಬೇರೊಂದು ಸೆನ್ಸರ್ ಹಾಕಿದರೆ ನೆಗೆಯುತ್ತದೆ. ಹಾಗಾದರೆ ಕೆಟ್ಟಿರುವುದು ಸೆನ್ಸರೇ. ಆದರೆ ಹೊಸದು ಎರಡೆರಡು ಸಲ ಏಕೆ ಕೆಡಬೇಕು? ಅವರ ಬಗ್ಗೆ ಬರೆಯಲು ಬಂದು ನೋಡುತ್ತ ನಿಂತ ನನಗೂ ತಲೆಬುಡ ತಿಳಿಯುವುದಿಲ್ಲ.

ಬಿಚ್ಚಿದ ಸೆನ್ಸರನ್ನು ಅವರು ಬೆಳಕಿಗೆ ಹಿಡಿಯುತ್ತಾರೆ. ಮೂತಿಯ ಮೇಲೆ ಬಿಳಿ ಪುಡಿ. ಮಸಿ ಕಪ್ಪಗಿರುತ್ತದೆ, ಬಿಳಿ ಎಂದರೆ ಬಿರುಕು ಮುಚ್ಚುವ ಸಿಲಿಕೋನ್ ಅಂಟು ಎಲ್ಲೋ ಒಳಗೆ ಉರಿಯುತ್ತಿದೆ. ಸಿರ್ಕಾಗೆ ಆಗ ನೆನಪಾಗುತ್ತದೆ. ನವೆಂಬರಿನಲ್ಲಿ ಇದೇ ಎಂಜಿನ್ನಿನ ಮುಚ್ಚಳ ಎಣ್ಣೆ ಸೋರುತ್ತಿತ್ತು. ಎಂಜಿನ್ನಿಗೆ ಹಾಕುವ ಅಂಟು ಮುಗಿದಿತ್ತು. ಸ್ನಾನದ ಮನೆಯ ಕಿಟಕಿಗೆಂದು ಗಂಡ ತಂದಿಟ್ಟಿದ್ದ ಸಿಲಿಕೋನ್ ಟ್ಯೂಬನ್ನೇ ಸಿರ್ಕಾ ಬಳಿದಿದ್ದರು. ಅದರ ಆವಿ ಎಂಜಿನ್ನಿನಲ್ಲಿ ಉರಿದು, ಹಾಕಿದ ಸೆನ್ಸರುಗಳ ಮೇಲೆಲ್ಲ ಬೂದಿಯಾಗಿ ಕೂತಿದೆ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಮೈಯಾಳಿಗೆ ಫೋನ್ ಮಾಡಿ, ತಪ್ಪು ತನ್ನದೇ ಎಂದು ಎಲ್ಲವನ್ನೂ ಹೇಳುತ್ತಾರೆ. ಆ ಕಡೆಯಿಂದ ಮೈಯಾಳ ದನಿ:

"ಅಂದ್ರೆ ನನ್ನ ಕಾರಿಗೆ ಸ್ನಾನದ ಮನೆ ಅಂಟು ಮೆತ್ತಿದ್ದೆ ಅನ್ನು."

"ಹೂಂ."

"ಸರಿ. ಶುಕ್ರವಾರಕ್ಕೆ ಆಗುತ್ತಾ?"

ಆಯಿತು. ಹಳೆಯ ಅಂಟು ಕೆರೆದು, ಸರಿಯಾದದ್ದು ಹಾಕಿ, ಮೂರನೆಯ ಸೆನ್ಸರನ್ನು ತಮ್ಮ ದುಡ್ಡಿನಲ್ಲೇ ತಂದು ಕೂರಿಸಿದರು. ಕಾರು ಪಾಸಾಯಿತು.

ಸೋಮವಾರ ಕಾಫಿ ಕುಡಿಯುತ್ತಾ, ಈಗ ನಿರಾಳವೇ ಎಂದು ಕೇಳುತ್ತೇನೆ. ಸಿರ್ಕಾ ಕಪ್ಪನ್ನು ಕೆಳಗಿಡುತ್ತಾರೆ.

"ಮೂವತ್ತೊಂದು ವರ್ಷದಲ್ಲಿ ಹಿಂಗೆ ಇನ್ನೆಷ್ಟು ಮಾಡಿದೀನೋ, ನಂಗೇ ಗೊತ್ತಿಲ್ಲ. ಗೊತ್ತಾಗಿದ್ದು ಇದೊಂದು. ಇದನ್ನ ಸರಿ ಮಾಡ್ದೆ."